ಮಗುವಿನ ಹೆಸರಿಗೆ ಬೇರೆ ಥರದ ಸ್ಪೆಲಿಂಗ್ ಇಟ್ಟವರು ಅನುಭವ ಹೇಳಿ ಪ್ಲೀಸ್

ಕುಂಬಳೆಯಿಂದ:

ಎಲ್ರಿಗೂ ನಮಸ್ಕಾರ. ಮಗಳಿಗೆ ನಾಡಿದ್ದಿಗೆ ಒಂದು ತಿಂಗಳಾಗ್ತದೆ. ಆಸ್ಪತ್ರೆಯಿಂದಲೇ ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇವೆ. ಹೆಸರಲ್ಲಿ ಏನೂ ಗೊಂದಲ ಇಲ್ಲ, ತೊಟ್ಟಿಲಿಗೆ ಹಾಕಿದ ದಿನವೇ ಆದ್ಯ ಅಂತ ಕರೆದಾಯ್ತು, ಎರಡೂ ಮನೆಗೆ ಮೊದಲ ಮೊಮ್ಮಗಳು ಇವಳು. ಗೊಂದಲ ಇಂಗ್ಲಿಷ್ ಸ್ಪೆಲಿಂಗಿನದ್ದು. ನನಗೆ ಎ-ಎ-ಡಿ-ವೈ-ಎ ಸಾಕು ಅಂತ. ನಾದಿನಿ ನ್ಯೂಮರಾಲಜಿ, ಅಂದ್ರೆ ಸಂಖ್ಯಾಶಾಸ್ತ್ರ, ನೋಡುವವರ ಹತ್ರ ಕೇಳಿ ಬಂದು ಎ-ಎ-ಡಿ-ಎಚ್-ವೈ-ಎ-ಎ ಅಂತಲೇ ಬರೆಸ್ಬೇಕು, ಹೆಸರಿನ ಸಂಖ್ಯೆ 5 ಬರಬೇಕು ಅಂತಾರೆ. ಮಗು ಮೇಲಿನ ಪ್ರೀತಿಯಿಂದಲೇ ಹೇಳುವುದು, ಅವರಿಗೆ ಬೇಜಾರು ಮಾಡ್ಲಿಕ್ಕೆ ಮನಸ್ಸಿಲ್ಲ. ನಮ್ಮವರು ದುಬೈಯಲ್ಲಿ, ವರ್ಷದೊಳಗೆ ನಾವೂ ಹೋಗುವುದು ಅಂತ ಉಂಟು, ಹಾಗಾಗಿ ಪಾಸ್‌ಪೋರ್ಟ್ ಬೇಗ ಆಗ್ಬೇಕು. ಸ್ಪೆಲಿಂಗ್ ಬೇರೆ ಥರ ಇದ್ರೆ ನಿಜವಾಗ್ಲೂ ತೊಂದ್ರೆ ಆಗ್ತದಾ? ಅನುಭವ ಇದ್ದವರು ಹೇಳಿ.

ಬದಿಯಡ್ಕದಿಂದ:

ನಾನೇ ಅನುಭವಿಸ್ತಾ ಇರುವವ, ಹಾಗಾಗಿ ಬರೀತೇನೆ. ನನ್ನ ಹೆಸರು ರಕ್ಷಿತ್, ಅಪ್ಪ ಯಾರೋ ಹೇಳಿದ್ದು ಕೇಳಿ ನಡುವೆ ಎರಡು ಎಸ್ ಹಾಕಿಸಿದ್ರು. ಎಸ್‌ಎಸ್‌ಎಲ್‌ಸಿ ಬುಕ್ಕಲ್ಲಿ ಎರಡು ಎಸ್. ಆಧಾರ್ ಮಾಡಿಸುವಾಗ ಕೌಂಟರಿನವರು ಇದು ತಪ್ಪಿ ಬಂದದ್ದು ಅಂತ ತಾವೇ ಒಂದು ಎಸ್ ತೆಗೆದ್ರು, ನನಗೆ ಸಹಾಯ ಮಾಡಿದ್ದೇನೆ ಅಂತಲೇ ಅವರ ಲೆಕ್ಕ. ಪ್ಯಾನ್ ಕಾರ್ಡ್ ಆಧಾರ್ ನೋಡಿ ಮಾಡಿದ್ದು, ಅಲ್ಲೂ ಒಂದೇ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಎರಡು. ಸರಕಾರಿ ಕೆಲಸಕ್ಕೆ ಅಂತ ಕೇರಳ ಪಿಎಸ್‌ಸಿಯಲ್ಲಿ ಒನ್ ಟೈಮ್ ರಿಜಿಸ್ಟ್ರೇಶನ್ ಮಾಡ್ಲಿಕ್ಕೆ ಕೂತಾಗ ಎಲ್ಲ ದಾಖಲೆ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ, ಎರಡು ಕಡೆ ಒಬ್ಬ ಇನ್ನೆರಡು ಕಡೆ ಇನ್ನೊಬ್ಬ ಇದ್ದ ಹಾಗೆ ಇತ್ತು. ಆಧಾರಲ್ಲಿ ಹೆಸರು ಜೀವಮಾನದಲ್ಲಿ ಎರಡೇ ಸಲ ತಿದ್ಲಿಕ್ಕಾಗುವುದು, ಅದರಲ್ಲಿ ಒಂದು ಸಲ ನನ್ನದು ಇದಕ್ಕೇ ಹೋಯ್ತು. ವಿಚಿತ್ರ ಸ್ಪೆಲಿಂಗ್ ಇಟ್ರೆ ನೀವು ತಪ್ಪು ಬರೆಯುವುದಿಲ್ಲ, ಬೇರೆಯವರು ಅದನ್ನು ಸರಿ ಮಾಡ್ಲಿಕ್ಕೆ ಹೋಗ್ತಾರೆ, ಕಷ್ಟ ಬರುವುದು ಅಲ್ಲಿ. ಫೋನಲ್ಲಿ ಹೆಸರು ಹೇಳುವಾಗ ಈಗಲೂ ಮೊದಲು "ಎರಡು ಎಸ್" ಅಂತಲೇ ಬಾಯಿಗೆ ಬರುವುದು.

ಮಂಜೇಶ್ವರದಿಂದ:

ನನ್ನದು ಬೇರೆ ಅನುಭವ. ಮಗ ಈಶಾನ್, ನಾವು ಇ-ಇ-ಎಸ್-ಎಚ್-ಎ-ಎ-ಎನ್ ಅಂತ ಇಟ್ಟದ್ದು, ಈಗ ಹನ್ನೊಂದು ವರ್ಷ ಆಯ್ತು, ಒಂದು ತೊಂದರೆಯೂ ಬಂದಿಲ್ಲ. ಅವನ ಕ್ಲಾಸಲ್ಲಿ ಇನ್ನಿಬ್ಬರು ಈಶಾನ್ ಇದ್ದಾರೆ, ಅವರದ್ದು ಐಯಿಂದ ಶುರು, ಇವನ ಹೆಸರು ಲಿಸ್ಟಲ್ಲಿ ಬೇರೆಯೇ ಕಾಣ್ತದೆ. ಜನನ ಪತ್ರ ಆದ ದಿನ ಅದರ ಹತ್ತು ಜೆರಾಕ್ಸ್ ತೆಗೆದಿಟ್ಟು, ಯಾವ ಫಾರ್ಮ್ ತುಂಬುವಾಗಲೂ ಅದನ್ನೇ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಬರೀತೇನೆ. ಇಷ್ಟ ಆದ ಸ್ಪೆಲಿಂಗನ್ನು ಹೆದರಿ ಬಿಡಬೇಕು ಅಂತ ನನಗೆ ಕಾಣುವುದಿಲ್ಲ.

ನೀರ್ಚಾಲು ಕಡೆಯಿಂದ, ಟೀಚರ್:

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಹದಿನೇಳು ವರ್ಷದಿಂದ ಒಂದನೇ ಕ್ಲಾಸಿನ ಅಡ್ಮಿಶನ್ ನೋಡ್ತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲನೆಯದು, ನಮ್ಮ ಕಾಸರಗೋಡಲ್ಲಿ ಹುಟ್ಟಿದ ಮಗುವಿನ ಹೆಸರು ಮೂರು ಲಿಪಿಯಲ್ಲಿ ಓಡಾಡ್ತದೆ. ಮನೆಯಲ್ಲಿ ಕನ್ನಡ, ಜನನ ಪತ್ರದಲ್ಲಿ ಮಲಯಾಳ ಮತ್ತು ಇಂಗ್ಲಿಷ್, ಆಧಾರಲ್ಲೂ ಅವೆರಡೇ. ನಾವು ಇಷ್ಟ ಪಟ್ಟು ಇಟ್ಟ ಕನ್ನಡದ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಜೂನಲ್ಲಿ ಅಮ್ಮಂದಿರು ಪತ್ರ ಹಿಡ್ಕೊಂಡು ಬರುವಾಗ ನಾನು ಮೊದಲು ಕೇಳುವುದೇ "ಮನೆಯಲ್ಲಿ ಹೇಗೆ ಕರೀತೀರಿ, ಕನ್ನಡದಲ್ಲಿ ಬರೆದು ತೋರಿಸಿ" ಅಂತ. ಒಂದು ಸಲ ಒಬ್ಬಳು ಹುಡುಗಿ, ಕೆಂಪು ರಿಬ್ಬನ್ ಕಟ್ಟಿದ ಎರಡು ಜಡೆ, ಅಮ್ಮನ ಸೆರಗು ಬಿಡುವುದೇ ಇಲ್ಲ. ಪತ್ರದಲ್ಲಿ ಟಿ-ಎ-ಎನ್-ವಿ-ಐ. ಪಕ್ಕದಲ್ಲಿ ಮಲಯಾಳದಲ್ಲಿ ಟನ್ವಿ ಅಂತ ಉಂಟು. ನಾನು ಹಾಗೇ ಕರೆದೆ, ಹುಡುಗಿ ತಿರುಗಿಯೂ ನೋಡ್ಲಿಲ್ಲ. ಅಮ್ಮ ಮೆಲ್ಲ "ತನ್ವಿ ಟೀಚರ್" ಅಂದ್ರು, ಆಗ ತಲೆ ಎತ್ತಿದ್ಳು. ಕೇರಳದಲ್ಲಿ ಬರೀ ಟಿ ಕಂಡ್ರೆ ಟಕಾರ ಅಂತಲೇ ಓದುವುದು, ತಕಾರ ಬೇಕಾದ್ರೆ ಟಿ-ಎಚ್ ಬೇಕು. ಲತಾ, ಗೀತಾ ಅಂತ ಹೆಸರಿದ್ದವರ ಸ್ಪೆಲಿಂಗ್ ನೋಡಿ, ನಮ್ಮ ದಕ್ಷಿಣದಲ್ಲಿ ಎಚ್ ಇರ್ತದೆ, ಉತ್ತರದ ಕಡೆ ಇರುವುದಿಲ್ಲ. ಅಲ್ಲಿ ಆ ಎಚ್ ಚಂದಕ್ಕೆ ಹಾಕಿದ್ದಲ್ಲ, ಅದಕ್ಕೊಂದು ಕೆಲಸ ಉಂಟು.

ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ತಗೊಳ್ಳಿ. 1915ರಲ್ಲಿ ಹುಟ್ಟಿ 2015ರಲ್ಲಿ ನೂರು ತುಂಬಿಸಿ ಹೋದ ಕವಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಕೊನೆವರೆಗೂ ಹೇಳಿದವರು. ಆ ಞ್ಞ ಇಂಗ್ಲಿಷಲ್ಲಿ ಇಲ್ಲ, ಅದಕ್ಕೆ ಎನ್-ಎಚ್ ಬರೆಯುವುದು. ಘಟ್ಟದ ಮೇಲಿನವರು ಅದನ್ನು ನೋಡಿ ಕಿನ್ಹಣ್ಣ ಅಂತ ಓದ್ತಾರೆ, ನಮ್ಮೂರಿನವರಿಗೆ ಸರಿಯಾಗಿಯೇ ಬಾಯಿಗೆ ಬರ್ತದೆ, ಕುಞ್ಞಿ ಅಂತ ಹೆಸರಿದ್ದವರೂ ಹಾಗೇ ಬರೆಯುವುದಲ್ವಾ. ಹಾಗಾಗಿ ಸ್ಪೆಲಿಂಗ್ ಬೇರೆ ಥರ ಇರುವುದು ತಪ್ಪು ಅಂತ ನಾನು ಹೇಳುವುದೇ ಇಲ್ಲ. ಹೆಚ್ಚಿಗೆ ಹಾಕಿದ ಅಕ್ಷರ ಹೆಸರನ್ನು ಸರಿಯಾಗಿ ಕರೆಸ್ತದಾ, ಇಲ್ಲ ತಪ್ಪಿ ಕರೆಸ್ತದಾ, ಅದೊಂದನ್ನು ನೋಡಿ.

ಈಗ ನಿಮ್ಮದು. ಆದ್ಯದಲ್ಲಿ ಇರುವುದು ದಕಾರ. ಎಚ್ ಸೇರಿಸಿದ ಕೂಡ್ಲೆ ಕಂಪ್ಯೂಟರಲ್ಲಿ ಮಲಯಾಳಕ್ಕೆ ತಿರುಗಿಸುವಾಗ ಧಕಾರ ಬೀಳ್ತದೆ, ಮತ್ತೆ ಪತ್ರ ನೋಡಿ ನಮ್ಮಂಥ ಟೀಚರುಗಳು ಹಾಜರಿ ಬುಕ್ಕಲ್ಲಿ ಆಧ್ಯಾ ಅಂತ ಬರೀತೇವೆ. ಆದ್ಯ ಅಂದ್ರೆ ಮೊದಲನೆಯವಳು, ಮೊದಲ ಮೊಮ್ಮಗಳು ಅಂತ ನೀವು ಇಟ್ಟ ಅರ್ಥವೇ ಅಲ್ಲಿ ಹೋಯ್ತು. ಮಲಯಾಳದವರಿಗೂ ಆದ್ಯಂ ಅಂದ್ರೆ ಮೊದಲು ಅಂತಲೇ, ದಿನಾ ಹೇಳುವ ಮಾತು. ದಕಾರ ಸರಿ ಬಿದ್ರೆ ಇಲ್ಲಿ ಯಾರಿಗೂ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕು ಅಂತಿಲ್ಲ, ಎಂಥ ಒಳ್ಳೆ ಹೆಸರು ಸಿಕ್ಕಿದೆ ನಿಮಗೆ! ಬರೀ ಡಿ ಇದ್ರೆ ಆಡ್ಯ ಅಂತ ಓದುವವರೂ ಸಿಕ್ಕಬಹುದು ಅನ್ನುವುದು ಸತ್ಯ, ಆದ್ರೆ ಒಂದು ಸಲ ಹೇಳಿಕೊಟ್ರೆ ಸರಿಯಾಗ್ತದೆ.

ನಾದಿನಿಯವರ ಲೆಕ್ಕವನ್ನೂ ಕೂತು ಹಾಕಿ ನೋಡಿದೆ. ಅವರು ಕೇಳಿದ್ದು ಕ್ಯಾಲ್ಡಿಯನ್ ಅಂತ ಹೇಳುವ ಪಟ್ಟಿ ಇರಬೇಕು. ಅದರಲ್ಲಿ ಎ ಮತ್ತು ವೈಗೆ 1, ಡಿಗೆ 4, ಎಚ್‌ಗೆ 5. ನಿಮ್ಮ ಸ್ಪೆಲಿಂಗಿಗೆ 1, 1, 4, 1, 1, ಒಟ್ಟು 8. ಆ ಲೆಕ್ಕದವರು 8 ಬೇಡ ಅಂತಾರೆ. ಎಚ್ ಹಾಕಿದ್ರೆ 13, ಒಂದೂ ಮೂರೂ ಕೂಡಿಸಿದ್ರೆ 4, ಅದೂ ಅವರಿಗೆ ಆಗುವುದಿಲ್ಲ. ಕೊನೆಗೆ ಇನ್ನೊಂದು ಎ ಸೇರಿಸಿದಾಗ 14, ಒಂದೂ ನಾಲ್ಕೂ ಐದು. ಹಾಗೆ ಬಂದದ್ದು ಆ ಉದ್ದ ಸ್ಪೆಲಿಂಗ್. ಆದ್ರೆ ಪೈಥಾಗೊರಸ್ ಪಟ್ಟಿ ಅಂತ ಇನ್ನೊಂದು ಉಂಟು, ನ್ಯೂಮರಾಲಜಿಯವರಲ್ಲಿ ತುಂಬ ಜನ ಅದನ್ನೇ ನೋಡುವುದು. ಅಲ್ಲಿ ಎಗೆ 1, ಡಿಗೆ 4, ವೈಗೆ 7. ಈಗ ಕೂಡಿಸಿ, 1, 1, 4, 7, 1. ಹದಿನಾಲ್ಕು. ನೀವು ಇಷ್ಟಪಟ್ಟ ಸಾದಾ ಸ್ಪೆಲಿಂಗಿಗೇ 5 ಬಂತು! ಇದನ್ನು ನಾದಿನಿಯವರ ಪಕ್ಕದಲ್ಲಿ ಕೂತು ಕಾಗದದಲ್ಲಿ ಬರೆದು ತೋರಿಸಿ, ವಾದ ಮಾಡ್ಬೇಡಿ, ಅವರಿಗೆ ಬೇಕಾದ ಸಂಖ್ಯೆಯೂ ಸಿಕ್ತದೆ ಮಗುವಿನ ಹೆಸರೂ ಉಳೀತದೆ.

ಇನ್ನು ಕಾಗದದ ವಿಷಯ. ಹೆಸರಿಲ್ಲದೆ ನೋಂದಣಿ ಆದ್ರೆ 12 ತಿಂಗಳವರೆಗೆ ಲೇಟ್ ಫೀಸ್ ಇಲ್ಲದೆ ಹೆಸರು ಸೇರಿಸ್ಬಹುದು, ಹಾಗಾಗಿ ಗಡಿಬಿಡಿ ಬೇಡ. ಆದ್ರೆ ಸೇರಿಸುವಾಗ ಮಾತ್ರ ತುಂಬ ಜಾಗ್ರತೆ, ಯಾಕಂದ್ರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸ್ಲಿಕ್ಕೆ, ಆಧಾರಿಗೆ, ಪಾಸ್‌ಪೋರ್ಟಿಗೆ ಎಲ್ಲದಕ್ಕೂ ಜನನ ಪತ್ರವೇ ಬೇರು. ಅರ್ಜಿ ಕೆ-ಸ್ಮಾರ್ಟಲ್ಲಿ, ಅಂದ್ರೆ ಪಂಚಾಯತಿನ ಆನ್‌ಲೈನ್ ಸೈಟಲ್ಲಿ ಹಾಕುವಾಗ, ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದ್ರೂ ಸರಿ, ಸಬ್ಮಿಟ್ ಒತ್ತುವ ಮೊದಲು ಸ್ಕ್ರೀನ್ ನಿಮ್ಮ ಕಡೆ ತಿರುಗಿಸ್ಲಿಕ್ಕೆ ಹೇಳಿ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾತ್ರ ನೋಡಿ ಸರಿ ಅಂತ ಎದ್ದು ಬರ್ತಾರೆ, ಮಲಯಾಳ ಓದ್ಲಿಕ್ಕೆ ಬರುವುದಿಲ್ಲ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ನಾಚಿಕೆ. ನಾಚಿಕೆ ಎಂತಕ್ಕೆ, ಮಲಯಾಳ ಬರುವವರನ್ನು ಜೊತೆಗೆ ಕರ್ಕೊಂಡು ಹೋಗಿ. ಶಾಲೆಗೆ ಸೇರುವಾಗ ನಾವು ಸಂಪೂರ್ಣ ಅಂತ ಇರುವ ಸಾಫ್ಟ್‌ವೇರಲ್ಲಿ ಹಾಕುವುದು ಆ ಹೆಸರನ್ನೇ, ಹತ್ತನೇ ಕ್ಲಾಸಲ್ಲಿ ಎಸ್‌ಎಸ್‌ಎಲ್‌ಸಿ ಬುಕ್ಕಿಗೆ ಹೋಗುವುದೂ ಅಲ್ಲಿಂದಲೇ. ಆರು ವರ್ಷದ ಮಗುವಿನ ಹೆಸರಲ್ಲಿ ಆದ ತಪ್ಪು ಹದಿನಾರಕ್ಕೆ ಕಣ್ಣಿಗೆ ಬಿದ್ದು ಅಪ್ಪ ಅಮ್ಮ ಶಾಲೆಗೂ ಪಂಚಾಯತಿಗೂ ಓಡಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆ ಮುಖಗಳು ನೆನಪಾಗಿಯೇ ಇಷ್ಟು ಬರೆದದ್ದು.

ಉಪ್ಪಳದವನು, ಈಗ ಶಾರ್ಜಾದಲ್ಲಿ:

ಟೀಚರ್ ಹೇಳಿದ್ದು ಸರಿ, ಗಲ್ಫಿಗೆ ಬರುವವರಿಗೆ ಇನ್ನೊಂದು ಸೇರಿಸ್ತೇನೆ. ಸ್ಪೆಲಿಂಗಿಗಿಂತ ಹೆಚ್ಚು ನೋಡಬೇಕಾದ್ದು ಹೆಸರು ಒಂದೇ ಶಬ್ದ ಆಗದ ಹಾಗೆ. 2022ರ ನವೆಂಬರಲ್ಲಿ ಯುಎಇಯವರು ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇದ್ದು ಸರ್‌ನೇಮ್ ಖಾಲಿ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಮಾಡಿದ್ರು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ಆಗ್ತದೆ ಅಂದ್ರು, ಆದ್ರೆ ಆ ಕೆಲವು ದಿನ ನಮ್ಮ ಕಡೆಯವರಿಗೆ ತುಂಬ ಗಾಬರಿ ಆಗಿತ್ತು. ನಮ್ಮಲ್ಲಿ ಹೆಸರಿನ ಹಿಂದೆ ಒಂದೋ ಎರಡೋ ಇನಿಶಿಯಲ್ ಹಾಕಿ ಬಿಡುವುದಲ್ವಾ, ದಯವಿಟ್ಟು ಹಾಗೆ ಮಾಡ್ಬೇಡಿ. ಜನನ ಪತ್ರದಲ್ಲೇ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಬಿಡಿಸಿ ಪೂರ್ತಿ ಬರೆಸಿ, ಅಪ್ಪನ ಪಾಸ್‌ಪೋರ್ಟಲ್ಲಿ ಯಾವ ಸ್ಪೆಲಿಂಗ್ ಉಂಟೋ ಅದನ್ನೇ. ಮತ್ತೆ ಇಲ್ಲಿಯ ಎಮಿರೇಟ್ಸ್ ಐಡಿಯಲ್ಲಿ ಹೆಸರು ಅರಬಿಯಲ್ಲೂ ಬರ್ತದೆ, ಇಂಗ್ಲಿಷ್ ನೋಡಿಯೇ ಅದನ್ನು ಬರೆಯುವುದು. ಇಲ್ಲಿ ಡಿ-ಎಚ್ ಕಂಡ್ರೆ ಅಬುಧಾಬಿಯಲ್ಲಿ ಬರುವ ಅಕ್ಷರದ ಹಾಗಿನದ್ದು ಬರೆದಾರು, ನಿಮ್ಮ ದಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಗುವಿನ ಪಾಸ್‌ಪೋರ್ಟಿಗೆ ಐದು ವರ್ಷವೇ ಅವಧಿ, ರಿನೀವಲಲ್ಲಿ ತಿದ್ದುವ ಅಂತ ಮಾತ್ರ ಬಿಡ್ಬೇಡಿ, ಮೂಲ ಪತ್ರ ತಿದ್ದದೆ ಅಲ್ಲಿ ಎಂತದೂ ಆಗುವುದಿಲ್ಲ.

ಪೆರ್ಲದಿಂದ:

ಒಂದೇ ಮಾತು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಹತ್ತನೇ ಆದ್ಮೇಲೆ ಪಿಯುಸಿಗೆ ಮಂಗಳೂರು ಪುತ್ತೂರು ಕಡೆ ಹೋಗ್ತಾರೆ, ಅಲ್ಲಿ ಎಸ್‌ಎಸ್‌ಎಲ್‌ಸಿ ಬುಕ್ಕಿನ ಇಂಗ್ಲಿಷ್ ನೋಡಿ ಪುನಃ ಕನ್ನಡದಲ್ಲಿ ಬರೀತಾರೆ. ನನ್ನ ಮಗಳು ಶ್ರಾವಣಿ, ಯಾರದ್ದೋ ಮಾತು ಕೇಳಿ ಕೊನೆಗೆ ಎರಡು ಎನ್ ಹಾಕಿಸಿದ್ದೆ, ಅಲ್ಲಿಯ ಲಿಸ್ಟಲ್ಲಿ ಶ್ರಾವನ್ನಿ ಅಂತ ಬಂತು. ಅವಳು ಆ ದಿನ ಮನೆಗೆ ಬಂದು "ಅಮ್ಮ ಇದು ನನ್ನ ಹೆಸರಲ್ಲ" ಅಂದದ್ದು ಈಗಲೂ ಕಿವಿಯಲ್ಲಿ ಉಂಟು.

ಕುಂಬಳೆಯಿಂದ, ನಾಲ್ಕು ದಿನದ ನಂತರ:

ಎಲ್ರಿಗೂ ತುಂಬ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ನಿನ್ನೆ ಮಗುವನ್ನು ಮಲಗಿಸಿ ನಾದಿನಿಯ ಪಕ್ಕ ಕೂತು ಎರಡೂ ಪಟ್ಟಿ ಬರೆದು ತೋರಿಸಿದೆ. ಅವರು ಎರಡೆರಡು ಸಲ ಕೂಡಿಸಿ ನೋಡಿದ್ರು, ಆಮೇಲೆ ಅವರೇ ಫೋನ್ ತೆಗೆದು ನಮ್ಮವರಿಗೆ "ಅಣ್ಣ, ಸಾದಾದ್ದೇ ಇರ್ಲಿ, ಅದರಲ್ಲೂ ಐದು ಬರ್ತದೆ" ಅಂದ್ರು. ಇವತ್ತು ಅಕ್ಷಯಕ್ಕೆ ಪಕ್ಕದ ಮನೆಯ ಮಲಯಾಳಿ ಚೇಚಿಯನ್ನು (ಅಕ್ಕನನ್ನು) ಕರ್ಕೊಂಡು ಹೋಗಿದ್ದೆ, ಹುಡುಗಿ ಸ್ಕ್ರೀನ್ ತಿರುಗಿಸಿದ್ಳು, ಚೇಚಿ ಕನ್ನಡಕ ಸರಿ ಮಾಡಿ ಮಲಯಾಳದ್ದನ್ನು ಗಟ್ಟಿಯಾಗಿ ಓದಿದ್ರು, ಆದ್ಯ ಅಂತಲೇ. ಆದ್ರೆ ಹೆಸರಿನ ಮುಂದೆ ನಮ್ಮವರ ಹೆಸರು ಪೂರ್ತಿ ಹಾಕ್ಬೇಕಲ್ಲ, ಅವರ ಪಾಸ್‌ಪೋರ್ಟಿನ ಫೋಟೋ ನನ್ನ ಹತ್ರ ಇರ್ಲಿಲ್ಲ, ಹಾಗಾಗಿ ಸಬ್ಮಿಟ್ ಮಾಡ್ಲಿಲ್ಲ. ರಾತ್ರಿ ಕಳಿಸ್ತೇನೆ ಅಂದಿದ್ದಾರೆ, ಸೋಮವಾರ ಪುನಃ ಹೋಗ್ತೇವೆ.