ಮಿನಿ ಹಿಟಾಚಿ ಎಳೆಯಲು ಯಾವ ಫೋರ್ ವೀಲ್ ಡ್ರೈವ್? ಪಿಕಪ್ ಸಾಕಾ, ದೊಡ್ಡ ಗಾಡಿನೇ ಬೇಕಾ?

ಗುಂಡಿ_ತೋಡುವವ

ಎಲ್ಲರಿಗೂ ನಮಸ್ಕಾರ. ಪೈಪ್‌ಲೈನ್‌ಗೆ ಕಾಲುವೆ ತೋಡುವುದು ನನ್ನ ಕೆಲಸ. 1,700 ಕೆಜಿಯ ಒಂದು ಮಿನಿ ಹಿಟಾಚಿ ಇದೆ. ಇಷ್ಟು ದಿನ ಬಾಡಿಗೆ ಲಾರಿಯಲ್ಲಿ ಹಾಕಿ ಕಳಿಸುತ್ತಿದ್ದೆ. ಲಾರಿ ಹೇಳಿದ ಹೊತ್ತಿಗೆ ಬರುವುದಿಲ್ಲ, ಕೆಲಸ ಮುಗಿದ ಮೇಲೂ ಬರುವುದಿಲ್ಲ. ಬೇಸತ್ತು ಸ್ವಂತ ಟ್ರೈಲರ್ ಮಾಡಿಸಿದ್ದೇನೆ. ಎರಡು ಆಕ್ಸಲ್, ಎಲೆಕ್ಟ್ರಿಕ್ ಬ್ರೇಕ್, ಖಾಲಿ ತೂಕ 650 ಕೆಜಿ. ಬಕೆಟ್, ಬ್ರೇಕರ್, ಡೀಸೆಲ್ ಕ್ಯಾನ್ ಎಲ್ಲ ಸೇರಿ ಇನ್ನೊಂದು 250. ಒಟ್ಟು 2,600 ಕೆಜಿ.

ಒಮ್ಮೆ ಹೊರಟರೆ 400-500 ಕಿಮೀ. ಹೈವೇ ಜಾಸ್ತಿ, ನಡುವೆ ಘಾಟಿ, ಕೊನೆಗೆ ಮಣ್ಣಿನ ದಾರಿ. ಗಾಡಿಯಲ್ಲಿ ನಾವು ಮೂವರು. ಮನಸ್ಸಲ್ಲಿರುವುದು ಡಬಲ್ ಕ್ಯಾಬ್ ಪಿಕಪ್ (ಹೈಲಕ್ಸ್ ಅಥವಾ ಡಿ-ಮ್ಯಾಕ್ಸ್), ಡಿಫೆಂಡರ್ 110, ಲ್ಯಾಂಡ್ ಕ್ರೂಸರ್ 300. ನಾನು ನೋಡಿದ ಬ್ರೋಷರ್‌ಗಳಲ್ಲಿ ಎಳೆಯುವ ಮಿತಿ ಎಲ್ಲಕ್ಕೂ 3,500 ಕೆಜಿ ಅಂತಲೇ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ? "ಪವರ್ ಜಾಸ್ತಿ ಇರೋದು ತಗೋ, ಮಿಕ್ಕಿದ್ದು ಆಮೇಲೆ ನೋಡೋಣ" ಅನ್ನುತ್ತಾನೆ ನನ್ನ ಜೊತೆಗಾರ.

ಡೀಸೆಲ್_ಪ್ರಿಯ

ಇದರಲ್ಲಿ ಯೋಚನೆ ಮಾಡೋದೇನಿದೆ? ಲ್ಯಾಂಡ್ ಕ್ರೂಸರ್ 300. 3.3 ಲೀಟರ್ ವಿ6 ಡೀಸೆಲ್, 700 ನ್ಯೂಟನ್ ಮೀಟರ್ ಟಾರ್ಕ್, ಅದೂ 1,600 ಆರ್‌ಪಿಎಂನಿಂದಲೇ. ಹತ್ತು ಗೇರ್. ನಿಮ್ಮ 2,600 ಕೆಜಿ ಹಿಂದೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಜನರೇಟರ್_ಗಾಡಿ

ಗೊತ್ತಾಗುವುದಿಲ್ಲ ಅನ್ನುವುದೇ ತೊಂದರೆ ಸರ್. ಹಿಂದೆ ಭಾರ ಇರುವುದು ಡ್ರೈವರ್‌ಗೆ ಗೊತ್ತಾಗುತ್ತಲೇ ಇರಬೇಕು.

ನಾನು ಜನರೇಟರ್ ಟ್ರೈಲರ್ ಎಳೆದುಕೊಂಡು ಓಡಾಡುವವನು, ಅದೇ ನನ್ನ ಹೊಟ್ಟೆಪಾಡು. ಗಾಡಿ ಕೊಳ್ಳುವವರೆಲ್ಲ ಎಂಜಿನ್ ಕೇಳುತ್ತಾರೆ. ಈಗಿನ ಟರ್ಬೊ ಡೀಸೆಲ್‌ಗಳಲ್ಲಿ 2,600 ಕೆಜಿ ಎಳೆಯಲಾಗದ್ದು ಈ ಪಟ್ಟಿಯಲ್ಲಿ ಒಂದೂ ಇಲ್ಲ. ಏರಿನಲ್ಲಿ ಒಂದು ಸ್ವಲ್ಪ ನಿಧಾನ ಆಗಬಹುದು, ಅಷ್ಟೇ. ಕೇಳಬೇಕಾದ್ದು ಬೇರೆ. ಟ್ರೈಲರ್ ಸಿಕ್ಕಿಸಿ, ಮೂವರು ಕೂತು, ಸಾಮಾನು ಹಾಕಿದ ಮೇಲೆ ಗಾಡಿಗೆ ಇನ್ನೆಷ್ಟು ಹೊರುವ ಶಕ್ತಿ ಉಳಿದಿದೆ?

ಲೆಕ್ಕ ಹಾಕೋಣ. ಟ್ರೈಲರ್ ಓಲಾಡದೆ ಬರಬೇಕಾದರೆ ಅದರ ತೂಕದ ಸುಮಾರು 10% ಹಿಚ್ ಬಾಲ್, ಅಂದರೆ ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಗುಂಡಿನ ಮೇಲೆ ಕೂರಬೇಕು. ನಿಮ್ಮದಕ್ಕೆ 260 ಕೆಜಿ. ಈ 260 ಗಾಡಿ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ. ಬಹಳ ಜನ ಮರೆಯುವುದು ಇದನ್ನೇ.

ಡಬಲ್ ಕ್ಯಾಬ್ ಪಿಕಪ್ ಖಾಲಿ ಸುಮಾರು 2,150 ಕೆಜಿ, ತುಂಬಿದಾಗ ಮಿತಿ ಸುಮಾರು 3,100 ಅಂತ ಇಟ್ಟುಕೊಳ್ಳಿ. ಹೊರಬಹುದಾದದ್ದು 950. ಬಾಲ್ ಭಾರ ಕಳೆದರೆ 690. ಮೂವರಿಗೆ 240 ಕಳೆದರೆ 450. ಅದರಲ್ಲಿ ಬಂಪರ್, ಹಿಚ್, ಹಿಂದಿನ ಮುಚ್ಚಳ, ಟೂಲ್ ಬಾಕ್ಸ್ ಎಲ್ಲ ಬರಬೇಕು. ಬಿಗಿ, ಆದರೆ ಸಾಧ್ಯ.

ಈಗ ಲ್ಯಾಂಡ್ ಕ್ರೂಸರ್ 300. ಅದರ ಸ್ವಂತ ತೂಕವೇ 2,500ರ ಆಸುಪಾಸು, ಮಿತಿ 3,280. ಹೊರಬಹುದಾದದ್ದು 780. ಬಾಲ್ ಭಾರ, ಮೂವರು ಜನ ಕಳೆದರೆ ಉಳಿಯುವುದು 280. ದೊಡ್ಡ ಗಾಡಿ ಅಂದುಕೊಂಡಿದ್ದೀರಿ, ಹೊರುವುದರಲ್ಲಿ ಪಿಕಪ್‌ಗಿಂತ ಚಿಕ್ಕದು! ಮಾಡೆಲ್ ಮೇಲೆ ಈ ಅಂಕಿ ಬದಲಾಗುತ್ತವೆ. ನೀವು ಕೊಳ್ಳುವ ಗಾಡಿಯ ಮೇಲೆ ಅಂಟಿಸಿರುವ ತೂಕದ ಪ್ಲೇಟ್ ಓದಿ, ಶೋರೂಮ್ ಮಾತು ಬೇಡ.

ಇನ್ನೊಂದು ಅಂಕಿ ಇದೆ, ಗಾಡಿ ಮತ್ತು ಟ್ರೈಲರ್ ಎರಡೂ ಸೇರಿ ಎಷ್ಟಿರಬಹುದು ಅನ್ನುವುದು. ಬ್ರೋಷರ್‌ನಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಗಾಡಿ ಪೂರ್ತಿ ತುಂಬಿ, ಟ್ರೈಲರೂ 3,500 ಎಳೆಯುವುದಕ್ಕೆ ಬಹಳ ಪಿಕಪ್‌ಗಳಲ್ಲಿ ಈ ಮಿತಿ ಬಿಡುವುದಿಲ್ಲ. ನಿಮ್ಮ 2,600ಕ್ಕೆ ಅಷ್ಟು ಚಿಂತೆ ಇಲ್ಲ. ಮುಂದೆ 2,700 ಕೆಜಿಯ ಮೆಷಿನ್ ತರುವ ಆಸೆ ಇದ್ದರೆ ಈ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕು.

ಡೀಸೆಲ್_ಪ್ರಿಯ

ಲೆಕ್ಕ ಒಪ್ಪಿದೆ. ಆದರೆ ಎಳೆಯುವ ಗಾಡಿ ಭಾರ ಇದ್ದಷ್ಟೂ ಟ್ರೈಲರ್ ಅದನ್ನು ಆಡಿಸಲಾರದು, ಅಲ್ವಾ? ಪಿಕಪ್ ಹಿಂದೆ ಭಾರ ಬಿದ್ದರೆ ಮೂತಿ ಮೇಲಕ್ಕೆ ಏಳುತ್ತದೆ. ರಾತ್ರಿ ಎದುರಿನವರ ಕಣ್ಣಿಗೆ ಹೆಡ್‌ಲೈಟ್ ಬೇರೆ.

ಜನರೇಟರ್_ಗಾಡಿ

ಅದು ಸರಿ, ಒಪ್ಪುತ್ತೇನೆ. ಪಿಕಪ್‌ನಲ್ಲಿ ಬಾಲ್ ಹಿಂದಿನ ಆಕ್ಸಲ್‌ನಿಂದ ಬಹಳ ಆಚೆ ಇರುತ್ತದೆ. 1.25 ಮೀಟರ್ ಅನ್ನಿ, ವೀಲ್‌ಬೇಸ್ (ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಇರುವ ದೂರ) 3.1 ಮೀಟರ್. ಬಾಲ್ ಮೇಲೆ 260 ಕೆಜಿ ಕೂತರೆ ಹಿಂದಿನ ಆಕ್ಸಲ್‌ಗೆ ಬೀಳುವುದು 260 ಅಲ್ಲ, ಸುಮಾರು 365. ಆ ಹೆಚ್ಚಿನ 105 ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಏತದ ಮರದ ಹಾಗೆ, ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದೆ. ಸ್ಟೀರಿಂಗೂ ಬ್ರೇಕಿನ ಬಹುಪಾಲೂ ಮುಂದಿನ ಚಕ್ರದಲ್ಲೇ ಇರುವುದು ಅನ್ನುವುದನ್ನು ನೆನಪಿಡಿ.

ಇದಕ್ಕೆ ಕೆಲವರು ಹಿಂದಿನ ಸ್ಪ್ರಿಂಗ್‌ಗೆ ಏರ್‌ಬ್ಯಾಗ್ ಹಾಕಿಸಿ ಗಾಡಿ ಎತ್ತುತ್ತಾರೆ. ನೋಡಲು ನೇರ ಆಗುತ್ತದೆ, ಆಕ್ಸಲ್ ಮೇಲಿನ ಭಾರ ಒಂದು ಕೆಜಿಯೂ ಕಡಿಮೆ ಆಗಿರುವುದಿಲ್ಲ. ಅದರ ಮೇಲೆ ಚಾಸಿಯ ಒಂದೇ ಜಾಗಕ್ಕೆ ಒತ್ತಡ. ಮಿತಿ ಮೀರಿ ತುಂಬಿದ ಡಬಲ್ ಕ್ಯಾಬ್‌ಗಳ ಚಾಸಿ ಬಗ್ಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಡಿಫೆಂಡರ್‌ನ ಏರ್ ಸಸ್ಪೆನ್ಷನ್ ತಾನೇ ಗಾಡಿಯನ್ನು ನೇರ ಮಾಡಿಕೊಳ್ಳುತ್ತದೆ, ಆರಾಮ ಇದೆ. ಆದರೆ ಅದೂ ಭಾರವನ್ನು ಮುಂದಕ್ಕೆ ಕಳಿಸುವುದಿಲ್ಲ. ಅದನ್ನು ಮಾಡುವುದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಹಾಕಿಸುವ ಮುನ್ನ ಗಾಡಿ ಮಾಡಿದವರು ಅದಕ್ಕೆ ಒಪ್ಪುತ್ತಾರಾ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಕೆಲವರು ಬೇಡ ಅಂತಲೇ ಬರೆದಿರುತ್ತಾರೆ.

ಗುಂಡಿ_ತೋಡುವವ

ಈ ಹಿಂದಿನ ಆಕ್ಸಲ್ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಎರಡು ಪ್ರಶ್ನೆ. ಆಟೋಮ್ಯಾಟಿಕ್ಕಾ, ಮ್ಯಾನುಯಲ್ಲಾ? ಹೈವೇಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಹೋಗಬಹುದಾ?

ಜನರೇಟರ್_ಗಾಡಿ

ಆಟೋಮ್ಯಾಟಿಕ್. ಭಾರದ ಟ್ರೈಲರನ್ನು ಏರಿನಲ್ಲಿ ಹೊರಡಿಸುವಾಗ ಮ್ಯಾನುಯಲ್‌ನಲ್ಲಿ ಕ್ಲಚ್ ಪ್ಲೇಟ್ ಸುಡುತ್ತದೆ. ಆಟೋಮ್ಯಾಟಿಕ್‌ನಲ್ಲಿ ಸುಡುವುದು ಎಣ್ಣೆ. ಕ್ಲಚ್ ಬದಲಿಗೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತಿದ್ದಷ್ಟು ಹೊತ್ತೂ ಶಕ್ತಿ ಬಿಸಿಯಾಗಿ ಎಣ್ಣೆಗೆ ಹೋಗುತ್ತದೆ. ಘಾಟಿಯಲ್ಲಿ ಡಿ-ಯಲ್ಲಿ ಬಿಟ್ಟು ಸುಮ್ನೆ ಕೂತರೆ ಗೇರ್ ಮೇಲೆ ಕೆಳಗೆ ಹುಡುಕಾಡುತ್ತಲೇ ಇರುತ್ತದೆ. ನೀವೇ ಒಂದು ಗೇರ್ ಇಳಿಸಿ ಹಿಡಿದಿಡಿ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸುವ ಗಾಡಿ ಸಿಕ್ಕರೆ ಒಳ್ಳೆಯದು. ಹೆಚ್ಚುವರಿ ಕೂಲರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಇಳಿಜಾರಿನಲ್ಲಿ ಗೇರ್ ಇಳಿಸುವುದು ಇಳಿಯಲು ಶುರು ಮಾಡುವ ಮುಂಚೆ, ವೇಗ ಏರಿದ ಮೇಲೆ ಅಲ್ಲ.

ಫೋರ್ ವೀಲ್ ವಿಷಯ: ಲ್ಯಾಂಡ್ ಕ್ರೂಸರ್ 300, ಡಿಫೆಂಡರ್ ಎರಡೂ ಫುಲ್ ಟೈಮ್, ಯಾವಾಗಲೂ ಫೋರ್ ವೀಲ್‌ನಲ್ಲೇ ಓಡುತ್ತವೆ. ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ನಡುವೆ ಇದೆ, ಯಾವ ರಸ್ತೆಯಾದರೂ ಸರಿ. ಮಳೆಯಲ್ಲಿ ಟ್ರೈಲರ್ ಎಳೆಯುವಾಗ ಇದು ದೊಡ್ಡ ಧೈರ್ಯ. ಡಿ-ಮ್ಯಾಕ್ಸ್ ಥರದ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ) ಗಾಡಿಯಲ್ಲಿ ಒಣ ಟಾರಿನ ಮೇಲೆ 4ಎಚ್ (ಫೋರ್ ವೀಲ್, ಹೈ ಗೇರ್) ಬೇಡ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ಅಲ್ಲಿ ಅದಕ್ಕೆ ದಾರಿಯೇ ಇಲ್ಲ. 4ಎಲ್ (ಫೋರ್ ವೀಲ್, ಲೋ ಗೇರ್) ನಿಮಗೆ ಕೆಲಸಕ್ಕೆ ಬರುವುದು ಕೊನೆಯ ಮಣ್ಣಿನ ದಾರಿಯಲ್ಲಿ, ಅದರಲ್ಲೂ ಟ್ರೈಲರ್ ರಿವರ್ಸ್ ಹಾಕುವಾಗ.

ಆಕ್ಸಲ್_ರಿಪೇರಿ

ಟ್ರೈಲರ್ ಕಡೆಯಿಂದ ನನ್ನದೂ ಒಂದು ಮಾತು. ಹೈವೇಯಲ್ಲಿ ಟ್ರೈಲರ್ ಬಾಲದ ಹಾಗೆ ಅಲ್ಲಾಡಲು ಶುರುವಾದರೆ ಗಾಡಿಯ ಬ್ರೇಕ್ ಒದೆಯಬೇಡಿ, ವೇಗ ಹೆಚ್ಚಿಸಿ ಎಳೆಯಲೂ ಹೋಗಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರ್ ಬ್ರೇಕ್ ಮಾತ್ರ ಕೈಯಿಂದ ಒತ್ತಿ. ಅದಕ್ಕೇ ಬ್ರೇಕ್ ಕಂಟ್ರೋಲರ್ ಕೈಗೆ ಸಿಗುವ ಜಾಗದಲ್ಲಿರಬೇಕು. ಎಷ್ಟೋ ಗಾಡಿಗಳಲ್ಲಿ ಅದನ್ನು ಮೊಣಕಾಲ ಹತ್ತಿರ ಎಲ್ಲೋ ಕೂರಿಸಿರುತ್ತಾರೆ. ಆಮೇಲೆ ವೇಗ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ, ಡೀಸೆಲ್ಲೂ ಹಾಗೇ ಖಾಲಿ.

ಗುಂಡಿ_ತೋಡುವವ

ಹಾಗಾದರೆ ಪಿಕಪ್ ಕಡೆಗೇ ಮನಸ್ಸು. ಬಾಲ್ ಮೇಲೆ 260 ಬಿತ್ತಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಮೆಷಿನ್ ಎಲ್ಲಿ ನಿಲ್ಲಿಸಬೇಕು?

ಜನರೇಟರ್_ಗಾಡಿ

ವೇಬ್ರಿಜ್‌ಗೆ ಹೋಗಿ. ಮೆಷಿನ್ ಹತ್ತಿಸಿ, ಟ್ರೈಲರ್ ಸಿಕ್ಕಿಸಿ, ಗಾಡಿಯ ನಾಲ್ಕು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಟ್ರೈಲರ್ ಚಕ್ರ ಕೆಳಗೆ. ಚೀಟಿ ತಗೊಳ್ಳಿ. ಆಮೇಲೆ ಟ್ರೈಲರ್ ಬಿಚ್ಚಿ ಗಾಡಿ ಒಂದನ್ನೇ ತೂಗಿ. ಎರಡರ ವ್ಯತ್ಯಾಸವೇ ಬಾಲ್ ಭಾರ. 260ಕ್ಕಿಂತ ತೀರಾ ಕಡಿಮೆ ಬಂದರೆ ಮೆಷಿನ್ ಒಂದು ಗೇಣು ಮುಂದಕ್ಕೆ ತಂದು ಮತ್ತೆ ತೂಗಿ, ಜಾಸ್ತಿ ಬಂದರೆ ಹಿಂದಕ್ಕೆ. ಸರಿ ಬಂದ ಜಾಗದಲ್ಲಿ ಟ್ರೈಲರ್ ಹಾಸಿಗೆಗೆ ಒಂದು ಕಬ್ಬಿಣದ ಅಡ್ಡಪಟ್ಟಿ ವೆಲ್ಡ್ ಮಾಡಿಸಿಬಿಡಿ. ಮೆಷಿನ್‌ನ ಟ್ರ್ಯಾಕ್ ಅದಕ್ಕೆ ತಾಗಿದರೆ ಸಾಕು. ರಾತ್ರಿ ಹತ್ತಿಸಿದರೂ, ಹೊಸ ಹುಡುಗ ಹತ್ತಿಸಿದರೂ ಜಾಗ ತಪ್ಪುವುದಿಲ್ಲ. ಬಕೆಟ್‌ಗಳನ್ನು ಮಾತ್ರ ಟ್ರೈಲರ್‌ನ ಹಿಂದಿನ ತುದಿಗೆ ಎಸೆಯುವ ಅಭ್ಯಾಸ ಬಿಡಿಸಿ.