ಬ್ರಿಟನ್ನಿನ ಹಳೇ ಗೂಡ್ಸ್ ವ್ಯಾಗನ್: ಫೋಟೋ ಹೇಗೆ ತೆಗೀಬೇಕು, ಜಾತಕ ಎಲ್ಲಿ ಹುಡುಕಬೇಕು?

ಪ್ರಶ್ನೆ, ಡರ್ಬಿಯಿಂದ

ನಮ್ಮ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈ ಬೇಸಿಗೆಗೆ ನನ್ನ ಹತ್ತಿರ ಬಂದಿದ್ದಾರೆ. ಹೆರಿಟೇಜ್ ರೈಲು ನೋಡೋಕೆ ಕರೆದುಕೊಂಡು ಹೋದರೆ ಸ್ಟೀಮ್ ಎಂಜಿನ್ ಕಡೆ ತಿರುಗಿಯೂ ನೋಡಲ್ಲ. ಸೈಡಿಂಗ್‌ನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ತುಕ್ಕು ಹಿಡಿದು ನಿಂತಿರೋ ಗೂಡ್ಸ್ ವ್ಯಾಗನ್‌ಗಳ ಪಕ್ಕ ನಿಂತುಬಿಡುತ್ತಾರೆ. ಈಗ ಇಬ್ಬರೂ ಅವುಗಳ ಫೋಟೋ ತೆಗೆಯೋಕೆ ಶುರು ಮಾಡಿದ್ದೇವೆ. ಆದರೆ ಯಾವುದು ಯಾವ ಕಾಲದ್ದು, ಯಾರು ಕಟ್ಟಿದ್ದು ಅನ್ನೋದು ತಿಳಿಯುತ್ತಿಲ್ಲ. ಒಂದು ಉಕ್ಕಿನ ಕಲ್ಲಿದ್ದಲು ವ್ಯಾಗನ್ ಮೇಲೆ ಯಾವುದೋ ಗಣಿ ಕಂಪನಿಯ ಹೆಸರು ಬಿಳಿ ಅಕ್ಷರದಲ್ಲಿ ದೊಡ್ಡದಾಗಿ ಬರೆದಿತ್ತು. "ಈ ಬಣ್ಣ ಈ ಗಾಡೀದಲ್ಲ" ಅಂದರು ಅಪ್ಪ. ಹೌದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಲೆಸ್ಟರ್‌ನಿಂದ

ನಿಮ್ಮ ತಂದೆಯವರ ಕಣ್ಣು ಚುರುಕಾಗಿದೆ ಮೇಡಂ. ಬಹುಮಟ್ಟಿಗೆ ಅವರು ಹೇಳಿದ್ದೇ ಸರಿ.

ಗಣಿಗಳು, ಕಲ್ಲಿದ್ದಲು ವ್ಯಾಪಾರಿಗಳು ತಮ್ಮದೇ ವ್ಯಾಗನ್ ಇಟ್ಟುಕೊಂಡು ಮೈತುಂಬ ಹೆಸರು ಬರೆಸುತ್ತಿದ್ದ ಕಾಲ ಒಂದಿತ್ತು. ಅವಕ್ಕೆ ಇಲ್ಲಿ ಪ್ರೈವೇಟ್ ಓನರ್ ವ್ಯಾಗನ್ ಅಂತಾರೆ. ಅವುಗಳಲ್ಲಿ ಹೆಚ್ಚಿನವು ಮರದ ಹಲಗೆಯವು. 1939ರಲ್ಲಿ ಯುದ್ಧ ಶುರುವಾದಾಗ ಸರ್ಕಾರ ಹೆಚ್ಚುಕಡಿಮೆ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣ ಆದಾಗ ಐದು ಲಕ್ಷಕ್ಕೂ ಜಾಸ್ತಿ ಖಾಸಗಿ ವ್ಯಾಗನ್‌ಗಳು ಬ್ರಿಟಿಷ್ ರೈಲ್ವೇಸ್ ಪಾಲಾದವು. ಅವಕ್ಕೆ 'ಪಿ' ಅಕ್ಷರದಿಂದ ಶುರುವಾಗುವ ಹೊಸ ನಂಬರ್ ಹಾಕಿದರು. ಹೆಚ್ಚಿನವಕ್ಕೆ ಹೊಸ ಬಣ್ಣ ಹೊಡೆಯೋಕೂ ಯಾರೂ ಹೋಗಲಿಲ್ಲ. ಹಳೇ ಹೆಸರು ಹಾಗೇ ಮಾಸುತ್ತಾ ಹೋಯಿತು.

ಅವುಗಳ ಜಾಗಕ್ಕೆ ಬಂದದ್ದೇ 16 ಟನ್ನಿನ ಉಕ್ಕಿನ ವ್ಯಾಗನ್. ಎರಡು ಲಕ್ಷಕ್ಕೂ ಹೆಚ್ಚು ಕಟ್ಟಿದರು. ನೀವು ನೋಡಿದ್ದೂ ಅದೇ ಇರಬೇಕು. ಉಕ್ಕಿನ ಖಾಸಗಿ ವ್ಯಾಗನ್‌ಗಳು ಇರಲೇ ಇಲ್ಲ ಅಂತಲ್ಲ, ಆದರೆ ಹೆರಿಟೇಜ್ ಸೈಡಿಂಗ್‌ನಲ್ಲಿ ಕಾಣುವ ಅಂದದ ಹೆಸರು ಹೆಚ್ಚಾಗಿ ಪ್ರವಾಸಿಗರಿಗೋಸ್ಕರ, ಇಲ್ಲವೇ ದುಡ್ಡು ಕೊಟ್ಟ ದಾನಿಗೋಸ್ಕರ ಬರೆಸಿದ್ದು. ನೋಡೋಕೆ ಚೆಂದ, ನಂಬೋಕೆ ಅಲ್ಲ.

ಹಾಗಾಗಿ ಬಣ್ಣ ಬಿಟ್ಟು ಕಬ್ಬಿಣ ನೋಡಿ. ಚಕ್ರಗಳ ಮೇಲೆ ಗಾಡಿಯುದ್ದಕ್ಕೂ ಹೋಗುವ ತೊಲೆ ಇದೆಯಲ್ಲ, ಅದು ಸೋಲ್‌ಬಾರ್. ಅದರ ಮೇಲೆ ಎರಕದ ಪ್ಲೇಟ್ ಇರುತ್ತದೆ. ಬ್ರಿಟಿಷ್ ರೈಲ್ವೇಸ್ ಕಟ್ಟಿಸಿದ್ದಾದರೆ 'ಬಿ' ಅಕ್ಷರದ ನಂಬರ್, ಎಷ್ಟು ಟನ್, ಕಟ್ಟಿದವರು, ವರ್ಷ, ಲಾಟ್ ನಂಬರ್ (ಯಾವ ಕಂತಿನಲ್ಲಿ ಕಟ್ಟಿದ್ದು ಅಂತ), ಎಲ್ಲಾ ಅಲ್ಲೇ ಸಿಗುತ್ತದೆ. ಹಳೇ ಖಾಸಗಿ ವ್ಯಾಗನ್ ಆದರೆ ಅದನ್ನು ನೋಂದಾಯಿಸಿಕೊಂಡ ರೈಲ್ವೆ ಕಂಪನಿಯ ಹೆಸರು, ನೋಂದಣಿ ನಂಬರ್, ವರ್ಷ ಇರುತ್ತದೆ.

ಬ್ರಿಸ್ಟಲ್‌ನಿಂದ

ಫೋಟೋ ವಿಷಯ ನಾನು ಹೇಳುತ್ತೇನೆ, ನನಗಿರೋ ಹುಚ್ಚೇ ಅದು.

ಬಿಸಿಲು ಬಂತು ಅಂತ ಕ್ಯಾಮೆರಾ ಎತ್ತಿಕೊಂಡು ಓಡಬೇಡಿ. ಬಿಸಿಲಲ್ಲಿ ಬಾಡಿ ಫಳಫಳ ಅನ್ನುತ್ತದೆ, ಕೆಳಗಿನ ಬ್ರೇಕ್, ಸ್ಪ್ರಿಂಗ್, ಆಕ್ಸಲ್ ಬಾಕ್ಸ್ (ಅಚ್ಚಿನ ತುದಿ ಕೂರುವ ಪೆಟ್ಟಿಗೆ) ಎಲ್ಲಾ ಕಪ್ಪು ನೆರಳಲ್ಲಿ ಮುಳುಗಿಹೋಗುತ್ತವೆ. ವ್ಯಾಗನ್ನಿನ ಅಸಲಿ ಮಾಹಿತಿ ಇರೋದೇ ಕೆಳಗೆ. ಇಂಗ್ಲೆಂಡಿನಲ್ಲಿ ಮೋಡ ಮುಸುಕಿದ ದಿನಕ್ಕೇನು ಬರವೇ? ಅಂಥ ದಿನ ಹೋಗಿ.

ಮೊದಲ ಫೋಟೋ ನೇರ ಪಕ್ಕದಿಂದ ಇರಲಿ. ಗಾಡಿಯ ಮಧ್ಯಕ್ಕೆ ಸರಿಯಾಗಿ ನಿಂತು, ಆದಷ್ಟು ಹಿಂದೆ ಸರಿದು, ಜೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ವೈಡ್ ಲೆನ್ಸ್ ಹಾಕಿದರೆ ತುದಿಗಳು ಬಾಗಿ ಅಳತೆ ಕೆಡುತ್ತದೆ. ನೇರ ಫೋಟೋ ಸಿಕ್ಕಿತು ಅಂದರೆ ಮನೆಯಲ್ಲಿ ಕೂತು ಅಳೆಯಬಹುದು. 16 ಟನ್ನಿನ ಕಲ್ಲಿದ್ದಲು ವ್ಯಾಗನ್ನಿನಲ್ಲಿ ಎರಡು ಅಚ್ಚುಗಳ ನಡುವೆ ಸಾಮಾನ್ಯವಾಗಿ 9 ಅಡಿ, ತುದಿಯಲ್ಲಿ ಧಕ್ಕೆ ತಡೆಯುವ ಬಫರ್ ಬಿಟ್ಟು ಗಾಡಿಯ ಉದ್ದ 16 ಅಡಿ 6 ಇಂಚು. ಬ್ರಿಟಿಷ್ ರೈಲ್ವೇಸ್ ಕಾಲದ ಮುಚ್ಚಿದ ವ್ಯಾನ್‌ಗಳಲ್ಲಿ ಅಚ್ಚುಗಳ ನಡುವೆ ಹೆಚ್ಚಾಗಿ 10 ಅಡಿ. ಅದೊಂದು ಅಳತೆ ಹಿಡಿದರೆ ಬಾಗಿಲಿನ ಅಗಲ, ಹಲಗೆಯ ಎತ್ತರ ಎಲ್ಲಾ ಲೆಕ್ಕಕ್ಕೆ ಸಿಗುತ್ತದೆ.

ಆಮೇಲೆ ಮೂಲೆಯಿಂದ ಒಂದು, ಎರಡೂ ತುದಿ, ಎರಡೂ ಪಕ್ಕ. "ಆ ಕಡೆಯೂ ಹೀಗೇ ಇರುತ್ತೆ" ಅಂತ ಬಿಡಬೇಡಿ. ಬ್ರೇಕ್ ಶೂ ಒಂದೇ ಪಕ್ಕ ಇರಬಹುದು, ಎರಡೂ ಪಕ್ಕ ಇರಬಹುದು. ತುದಿಬಾಗಿಲು ಒಂದೇ ಕಡೆ ಇರುತ್ತದೆ. ಕಲ್ಲಿದ್ದಲು ವ್ಯಾಗನ್ ಪಕ್ಕದಲ್ಲಿ ಓರೆಯಾಗಿ ಎಳೆದ ಬಿಳಿ ಪಟ್ಟೆ ಆ ಬಾಗಿಲು ಯಾವ ತುದಿಗಿದೆ ಅಂತ ತೋರಿಸೋಕೇ ಇರೋದು. ಕೊನೆಗೆ ಮಂಡಿಯೂರಿ ಕೂತು ಚಕ್ರ, ಬಫರ್, ಕೊಂಡಿ, ಆಕ್ಸಲ್ ಬಾಕ್ಸ್ ಹತ್ತಿರದಿಂದ ತೆಗೆಯಿರಿ.

ಪ್ಲೇಟ್ ಓದೋಕೆ ಆಗದಿದ್ದರೆ ಫ್ಲ್ಯಾಶ್ ಹಾಕಬೇಡಿ. ಸಣ್ಣ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬಣ್ಣದಡಿ ಹೂತುಹೋದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಷ್ ಹಾಕಿ ಉಜ್ಜೋದು ಮಾತ್ರ ಮಹಾಪಾಪ. ಆ ತುಕ್ಕಿನ ಮೇಲೇ ಹಳೇ ನಂಬರ್ ಉಳಿದಿರುತ್ತದೆ. ಮರದ ವ್ಯಾಗನ್ ಆದರೆ ಮಳೆ ಬಿದ್ದ ಮೇಲೆ ನೋಡಿ. ಒದ್ದೆ ಹಲಗೆಯ ಮೇಲೆ ಮಾಸಿದ ಬರಹ ಎಷ್ಟೋ ಸಲ ತಾನಾಗಿ ಕಾಣಿಸಿಕೊಳ್ಳುತ್ತದೆ.

ಯಾರ್ಕ್‌ನಿಂದ

ಒಂದೇ ಮಾತು. ಕೇಳದೆ ಸೈಡಿಂಗ್‌ಗೆ ಇಳಿಯಬೇಡಿ. ವ್ಯಾಗನ್ ರಿಪೇರಿ ಮಾಡುವ ಸ್ವಯಂಸೇವಕರನ್ನು ಕೇಳಿ, ಹೊಳೆಯುವ ಜಾಕೆಟ್ ಹಾಕಿಸಿ ಅವರೇ ಕರೆದುಕೊಂಡು ಹೋಗುತ್ತಾರೆ. ಎಲ್ಲರೂ ಎಂಜಿನ್ ಬಗ್ಗೆಯೇ ಕೇಳೋದು, ವ್ಯಾಗನ್ ಬಗ್ಗೆ ಕೇಳಿದರೆ ಅವರಿಗೆ ಹಬ್ಬ. ನಿಮ್ಮ ತಂದೆಯವರು ವರ್ಕ್‌ಶಾಪ್‌ನವರು ಅಂತ ಗೊತ್ತಾದರೆ ಚಹಾ ಕುಡಿಸದೆ ಬಿಡಲ್ಲ.

ಸ್ವಿಂಡನ್‌ನಿಂದ

ನಂಬರ್ ಮುಂದಿನ ಅಕ್ಷರಗಳನ್ನೂ ಗಮನಿಸಿ ಅಕ್ಕಾ. ರಾಷ್ಟ್ರೀಕರಣ ಆದ ಮೇಲೆ ಹಳೇ ಕಂಪನಿಗಳ ಗಾಡಿಗಳಿಗೆ ಒಂದೊಂದು ಅಕ್ಷರ ಸೇರಿಸಿದರು. 'ಎಂ' ಇದ್ದರೆ ಎಲ್‌ಎಂಎಸ್ (ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್), 'ಇ' ಇದ್ದರೆ ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್), 'ಡಬ್ಲ್ಯು' ಗ್ರೇಟ್ ವೆಸ್ಟರ್ನ್, 'ಎಸ್' ಸದರ್ನ್. ಮುಂದೆ 'ಡಿ' ಸೇರಿದ್ದರೆ ಇಲಾಖೆಯ ಸ್ವಂತ ಕೆಲಸದ ಗಾಡಿ. ಭಾರತದಲ್ಲಿ ಈಗಿನ ಹನ್ನೊಂದು ಅಂಕಿಯ ನಂಬರ್ ನೋಡಿದರೆ ಬಗೆ, ಯಾವ ರೈಲ್ವೆ, ಯಾವ ವರ್ಷ ಎಲ್ಲಾ ಹೇಳಿಬಿಡಬಹುದು, ತಂದೆಯವರಿಗೆ ಗೊತ್ತೇ ಇರುತ್ತದೆ. ಇಲ್ಲಿ ಅಷ್ಟು ಸಲೀಸಿಲ್ಲ.

1970ರ ದಶಕದಲ್ಲಿ ಟಾಪ್ಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಮೂರಕ್ಷರದ ಕೋಡ್ ಬಂತು. ಕೊನೆಯ ಅಕ್ಷರ ಬ್ರೇಕಿಗೆ. ಎಂಸಿಒ ಅಂದರೆ ಎಂಜಿನ್ನಿನಿಂದ ಹಾಕುವ ಬ್ರೇಕ್ ಇಲ್ಲದ ಕಲ್ಲಿದ್ದಲು ವ್ಯಾಗನ್, ಎಂಸಿವಿ ಅಂದರೆ ವ್ಯಾಕ್ಯೂಮ್ ಬ್ರೇಕ್ ಇರೋದು. ಕೋಡ್ ಬರೋದಕ್ಕೆ ಮೊದಲು ಬಣ್ಣವೇ ಗುರುತಾಗಿತ್ತು: ವ್ಯಾಕ್ಯೂಮ್ ಬ್ರೇಕ್ ಇದ್ದರೆ ಕೆಂಗಂದು, ಇಲ್ಲದಿದ್ದರೆ ಬೂದು.

ಗ್ರೇಟ್ ವೆಸ್ಟರ್ನ್‌ನವರು ತಂತಿ ಸಂದೇಶಕ್ಕೆ ಅಂತ ಇಟ್ಟ ಹೆಸರುಗಳು ಇನ್ನೂ ಮಜಾ. ಗಾರ್ಡ್ ಕೂರುವ ಬ್ರೇಕ್ ವ್ಯಾನಿಗೆ 'ಟೋಡ್', ಮುಚ್ಚಿದ ವ್ಯಾನಿಗೆ 'ಮಿಂಕ್', ನಡು ತಗ್ಗಿರುವ ವ್ಯಾಗನ್ನಿಗೆ 'ಕ್ರೊಕೊಡೈಲ್'. ಬ್ರಿಟಿಷ್ ರೈಲ್ವೇಸ್‌ನ ಹಳಿ ದುರಸ್ತಿ ವ್ಯಾಗನ್‌ಗಳಿಗಂತೂ ಮೀನು, ಕಡಲಪ್ರಾಣಿಗಳ ಹೆಸರು: ಡಾಗ್‌ಫಿಶ್, ಗ್ರ್ಯಾಂಪಸ್, ಶಾರ್ಕ್, ವಾಲ್ರಸ್. ಗಾಡಿ ಮೇಲೆ ಇವೇ ಹೆಸರು ಬರೆದಿರುತ್ತಾರೆ, ಗಾಬರಿ ಆಗಬೇಡಿ. ಗ್ರೇಟ್ ವೆಸ್ಟರ್ನ್ ಗಾಡಿಗಳನ್ನೇ ನೋಡಬೇಕಾದರೆ ಡಿಡ್‌ಕಾಟ್‌ಗೆ ಹೋಗಿ.

ಗ್ಲಾಸ್ಟರ್‌ನಿಂದ

ಲೆಸ್ಟರಿನವರು ಕಬ್ಬಿಣ ನಂಬಿ ಅಂದರು. ನಾನು ಅರ್ಧ ಮಾತ್ರ ಒಪ್ಪುತ್ತೇನೆ. 1970ರ ದಶಕದಲ್ಲಿ ಎಷ್ಟೋ 16 ಟನ್ ವ್ಯಾಗನ್‌ಗಳಿಗೆ ಹಳೇ ಚೌಕಟ್ಟಿನ ಮೇಲೆ ಹೊಸ ಬಾಡಿ ಕೂರಿಸಿದರು, ನಂಬರ್ ಮಾತ್ರ ಅದೇ. ಪ್ಲೇಟ್ ಹೇಳೋದು ಚೌಕಟ್ಟಿನ ವಯಸ್ಸು. ಪ್ಲೇಟೇ ಕಳಚಿ ಬೇರೆ ಗಾಡಿ ಸೇರಿರೋದೂ ಉಂಟು. ಆದ್ದರಿಂದ ಪ್ಲೇಟು, ಬಾಡಿಯ ವಿವರ, ದಾಖಲೆ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಬರೆದಿಟ್ಟುಕೊಳ್ಳಿ.

ದಾಖಲೆ ಅಂದರೆ, ನಿಮಗೆ ಅದೃಷ್ಟ ಇದೆ. ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿಯ ಸಂಗ್ರಹ ಡರ್ಬಿಶೈರಿನ ಬಟರ್‌ಲಿಯಲ್ಲೇ ಇದೆ, ನಿಮ್ಮ ಮನೆಯಿಂದ ದೂರವೇನಿಲ್ಲ. ಹೆಸರಲ್ಲಿ ಮಾಡೆಲ್ ಇದೆ ಅಂತ ಆಟಿಕೆ ಅಂದುಕೊಳ್ಳಬೇಡಿ, ನಕ್ಷೆ, ಫೋಟೋ ರಾಶಿ ಇದೆ. ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಗ್ರಂಥಾಲಯ, ಲಂಡನ್ ಪಕ್ಕದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಇದ್ದೇ ಇವೆ. ನಮ್ಮೂರಲ್ಲಿ ಗ್ಲಾಸ್ಟರ್ ರೈಲ್ವೆ ಕ್ಯಾರೇಜ್ ಅಂಡ್ ವ್ಯಾಗನ್ ಕಂಪನಿ ತಾನು ಕಟ್ಟಿದ ವ್ಯಾಗನ್‌ಗಳ ಫೋಟೋ ತೆಗೆಸಿ ಇಟ್ಟಿತ್ತು. ಅವು ಈಗ ಗ್ಲಾಸ್ಟರ್‌ಶೈರ್ ಆರ್ಕೈವ್ಸ್‌ನಲ್ಲಿವೆ. ಕಲ್ಲಿದ್ದಲು ವ್ಯಾಪಾರಿಯ ಹೆಸರು ಸಿಕ್ಕಿದರೆ ಆ ಊರಿನ ಹಳೇ ವ್ಯಾಪಾರ ಡೈರೆಕ್ಟರಿ ತೆಗೆದು ನೋಡಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂಗಡಿ ಇತ್ತು ಅಂತ ಅಂದಾಜು ಸಿಗುತ್ತದೆ.

ಹಳೇ ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಊಹಿಸಬೇಡಿ. ಆಗಿನ ಫಿಲ್ಮಿಗೆ, ಗಾಜಿನ ಪ್ಲೇಟಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಕೆಂಪು ವ್ಯಾಗನ್ ಫೋಟೋದಲ್ಲಿ ಕಪ್ಪಗಿರುತ್ತದೆ, ನೀಲಿ ಬೆಳ್ಳಗಾಗಿರುತ್ತದೆ. ಎಷ್ಟೋ ಹೆರಿಟೇಜ್ ವ್ಯಾಗನ್‌ಗಳ ಬಣ್ಣದ ಜಗಳ ಶುರುವಾಗೋದೇ ಇಲ್ಲಿಂದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮತ್ತೆ ಹೋಗಿ ಬಂದೆವು, ಒಪ್ಪಿಗೆ ಕೇಳಿಕೊಂಡೇ. ಟಾರ್ಚ್ ಉಪಾಯ ಕೆಲಸ ಮಾಡಿತು. ಪ್ಲೇಟ್ ಮೇಲೆ 'ಬಿ' ಅಂತೂ ಇದೆ, ನಂಬರಿನ ಶುರುವಿನ ಎರಡಂಕಿ 19, ಉಳಿದದ್ದು ಸವೆದಿದೆ. ಅಪ್ಪನಿಗೆ ಈಗ ಹೊಸ ಅನುಮಾನ. ಬೇರೆ ವ್ಯಾಗನ್‌ಗಳ ಪಕ್ಕದ ಬಾಗಿಲು ಕೆಳಕ್ಕೆ ಬೀಳುತ್ತದೆ, ಇದರದ್ದು ಬೀರು ಬಾಗಿಲಿನ ಥರ ಎರಡು ಕಡೆಗೆ ತೆರೆಯುತ್ತದೆ. ಯಾಕೆ?

ಲೆಸ್ಟರ್‌ನಿಂದ

ಓಹೋ, ಹಾಗಾದರೆ ಅದು ಫ್ರಾನ್ಸ್ ನೋಡಿ ಬಂದ ಗಾಡಿ ಇರಬಹುದು! ಯುದ್ಧ ಮುಗಿಯುವ ಹೊತ್ತಿಗೆ ಫ್ರೆಂಚ್ ರೈಲ್ವೆಗೆ ಅಂತ ಬ್ರಿಟನ್ನಿನಲ್ಲಿ ಸಾವಿರಾರು 16 ಟನ್ ವ್ಯಾಗನ್ ಕಟ್ಟಿದ್ದರು. 1950ರ ಸುಮಾರಿಗೆ ಬ್ರಿಟಿಷ್ ರೈಲ್ವೇಸ್ ಅವನ್ನು ವಾಪಸ್ ಕೊಂಡುಕೊಂಡಿತು. ಅವುಗಳ ಗುರುತೇ ಆ ಬೀರು ಬಾಗಿಲು. ಬಾಗಿಲು, ಅದರ ಕೀಲು, ಚಿಲಕ ಎಲ್ಲಾ ಹತ್ತಿರದಿಂದ ಫೋಟೋ ತೆಗೆದುಕೊಂಡು ಬಟರ್‌ಲಿಗೆ ಹೋಗಿ ನಕ್ಷೆ ಜೊತೆ ಹೋಲಿಸಿ ನೋಡಿ. ತಂದೆಯವರನ್ನು ಕರೆದುಕೊಂಡೇ ಹೋಗಿ, ನಕ್ಷೆ ಓದೋಕೆ ಅವರೇ ಬೇಕು.