ಕಾರ್ಡಿನ ಪಾಯಿಂಟುಗಳಲ್ಲಿ ಕಾಶಿಯ ಟಿಕೆಟ್: ಅನುಭವ ಹಂಚಿಕೆ

ರಾಜಾಜಿನಗರದಿಂದ ಬಂದ ಪ್ರಶ್ನೆ:

ಮೂರು ವರ್ಷಗಳಿಂದ ಒಂದೇ ಕ್ರೆಡಿಟ್ ಕಾರ್ಡ್ ಬಳಸುತ್ತಿದ್ದೇನೆ. ದಿನಸಿ, ಔಷಧಿ, ಬಟ್ಟೆಬರೆ ಎಲ್ಲ ಸೇರಿ ತಿಂಗಳಿಗೆ ಸುಮಾರು 40,000 ರೂಪಾಯಿ ಅದರಲ್ಲಿ ಹೋಗುತ್ತದೆ. ಈಗ 38,000 ಪಾಯಿಂಟುಗಳು ಕೂಡಿವೆ. ಫೆಬ್ರವರಿಯಲ್ಲಿ ಅತ್ತೆ, ಮಾವನವರನ್ನು ಕಾಶಿಗೆ ಕರೆದುಕೊಂಡು ಹೋಗಬೇಕಾಗಿದೆ. ನಾವಿಬ್ಬರೂ ಸೇರಿ ನಾಲ್ವರು. ಮುಂದಿನ ವರ್ಷ ಜರ್ಮನಿಯಲ್ಲಿರುವ ತಂಗಿಯ ಮನೆಗೆ ಹೋಗುವ ಆಸೆಯೂ ಇದೆ. ಈ ಪಾಯಿಂಟುಗಳಿಂದ ಖರ್ಚು ನಿಜವಾಗಿ ಎಷ್ಟು ಇಳಿಯುತ್ತದೆ ಎಂಬುದನ್ನು ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಬಸವನಗುಡಿಯಿಂದ:

ಮೇಡಂ, ನಿಮ್ಮ ಲೆಕ್ಕವನ್ನು ನೋಡಿದರೆ ನಿಮ್ಮದೂ ನಮ್ಮ ಮನೆಯ ಕಾರ್ಡಿನಂತೆ 150 ರೂಪಾಯಿಗೆ 4 ಪಾಯಿಂಟ್ ಕೊಡುವ ಕಾರ್ಡೇ ಇರಬೇಕು. ಹಾಗಿದ್ದರೆ ಮೊದಲು ಗಮನಿಸಬೇಕಾದದ್ದು, ಪಾಯಿಂಟಿಗೆ ಒಂದೇ ಬೆಲೆ ಇರುವುದಿಲ್ಲ ಎಂಬುದನ್ನು. ನಮ್ಮ ಕಾರ್ಡಿನಲ್ಲಿ ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಒಂದು ಪಾಯಿಂಟಿಗೆ 20 ಪೈಸೆ, ಬ್ಯಾಂಕಿನ ಉಡುಗೊರೆ ಪಟ್ಟಿಯಿಂದ ವಸ್ತು ತರಿಸಿಕೊಂಡರೆ 35 ಪೈಸೆ, ಬ್ಯಾಂಕಿನ ಪ್ರಯಾಣ ಜಾಲತಾಣದಲ್ಲಿ ವಿಮಾನದ ಟಿಕೆಟ್ ಕೊಂಡರೆ 50 ಪೈಸೆ. ನಿಮ್ಮ 38,000 ಪಾಯಿಂಟುಗಳು ಮೊದಲ ದಾರಿಯಲ್ಲಿ 7,600 ರೂಪಾಯಿ, ಕೊನೆಯ ದಾರಿಯಲ್ಲಿ 19,000 ರೂಪಾಯಿ. ಇದು ತಿಳಿಯದೆ ನಾನು ಒಮ್ಮೆ ಅಷ್ಟೂ ಪಾಯಿಂಟುಗಳನ್ನು ಸುರಿದು ಮಿಕ್ಸಿ ತರಿಸಿದೆ; ಅದೇ ಮಿಕ್ಸಿ ಗಾಂಧಿ ಬಜಾರಿನ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತಿತ್ತು ಎಂದು ಮನೆಯವರು ಈಗಲೂ ನೆನಪಿಸುತ್ತಾರೆ.

ಆದರೆ ಟಿಕೆಟಿನ ಪೂರ್ತಿ ಬೆಲೆಯನ್ನು ಪಾಯಿಂಟುಗಳಿಂದಲೇ ತೀರಿಸಲು ಎಲ್ಲ ಕಾರ್ಡುಗಳೂ ಬಿಡುವುದಿಲ್ಲ. ನಮ್ಮದರಲ್ಲಿ ಶೇ. 70ರಷ್ಟನ್ನು ಮಾತ್ರ ಪಾಯಿಂಟುಗಳಿಂದ ಕೊಡಬಹುದು, ಉಳಿದದ್ದನ್ನು ಹಣವಾಗಿಯೇ ಕಟ್ಟಬೇಕು. ಪಾಯಿಂಟುಗಳ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ತಿಂಗಳಿಗೆ 40,000 ಖರ್ಚು ಮಾಡಿದರೆ ಬರುವ ಪಾಯಿಂಟುಗಳ ಬೆಲೆ, ಒಳ್ಳೆಯ ದರದಲ್ಲಿ ಲೆಕ್ಕ ಹಾಕಿದರೂ, 533 ರೂಪಾಯಿ. ಅದೇ 40,000 ರೂಪಾಯಿ ಒಂದು ತಿಂಗಳು ಬಾಕಿ ಉಳಿದರೆ ತಿಂಗಳಿಗೆ ಶೇ. 3.75ರ ದರದಲ್ಲಿ 1,500 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 270 ರೂಪಾಯಿ. ಮೂರು ತಿಂಗಳ ಪಾಯಿಂಟುಗಳನ್ನು ಒಂದು ತಿಂಗಳ ಮರೆವು ನುಂಗಿಬಿಡುತ್ತದೆ. ಸಾಲದ್ದಕ್ಕೆ, ಹಳೆಯ ಬಾಕಿ ತೀರುವವರೆಗೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಬಿಲ್ಲಿನಲ್ಲಿ 'ಕನಿಷ್ಠ ಬಾಕಿ' ಎಂದು ತೋರಿಸುವ ಸಣ್ಣ ಮೊತ್ತ ಕಟ್ಟಿದರೆ ಸಾಕು ಎಂದು ನಂಬಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ವೈಟ್‌ಫೀಲ್ಡ್‌ನಿಂದ:

ಜರ್ಮನಿಯ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ದೂರದ ಪ್ರಯಾಣಕ್ಕೆ ಬ್ಯಾಂಕಿನ ತಾಣಕ್ಕಿಂತ, ಪಾಯಿಂಟುಗಳನ್ನು ವಿಮಾನ ಸಂಸ್ಥೆಯ ಮೈಲುಗಳಾಗಿ (ಅಂದರೆ ಆ ಸಂಸ್ಥೆಯದೇ ಪಾಯಿಂಟುಗಳಾಗಿ) ವರ್ಗಾಯಿಸುವುದು ಹೆಚ್ಚು ಲಾಭದಾಯಕವಾಗಬಹುದು. ಆದರೆ ವರ್ಗಾಯಿಸಿದ ಪಾಯಿಂಟುಗಳು ಹಿಂದಕ್ಕೆ ಬರುವುದಿಲ್ಲ. ಎರಡು ವರ್ಷಗಳ ಹಿಂದೆ ನಾನು ದಸರಾ ರಜೆಗೆಂದು, ಸೀಟು ಇದೆಯೋ ಇಲ್ಲವೋ ನೋಡದೆ, ಕೂಡಿಟ್ಟದ್ದನ್ನೆಲ್ಲ ಒಂದು ಸಂಸ್ಥೆಯ ಖಾತೆಗೆ ಹಾಕಿಬಿಟ್ಟೆ. ಹಣ ಕೊಟ್ಟು ಹೋಗುವವರಿಗೆ ಸೀಟುಗಳು ಧಾರಾಳವಾಗಿದ್ದವು. ಮೈಲುಗಳಿಗೆಂದು ಬಿಟ್ಟಿರುವ ಸೀಟು ಮಾತ್ರ ಒಂದೂ ಇರಲಿಲ್ಲ. ಕೊನೆಗೆ ಆ ಮೈಲುಗಳಲ್ಲಿ ಅರ್ಧದಷ್ಟು ಅವಧಿ ಮೀರಿ ಹೋದವು. ಆದ್ದರಿಂದ ಮೊದಲು ವಿಮಾನ ಸಂಸ್ಥೆಯ ತಾಣದಲ್ಲಿ ಖಾತೆ ತೆರೆದು, ನಿಮಗೆ ಬೇಕಾದ ದಿನಕ್ಕೆ ಸೀಟು ಇರುವುದನ್ನು ಕಣ್ಣಾರೆ ಕಂಡು, ಆಮೇಲೆ ಬೇಕಾದಷ್ಟನ್ನೇ ವರ್ಗಾಯಿಸಿ. ಇಂಥ ಸೀಟುಗಳು ಹೆಚ್ಚಾಗಿ ಸುಮಾರು ಒಂದು ವರ್ಷ ಮೊದಲೇ ತೆರೆದುಕೊಳ್ಳುವುದರಿಂದ ನೀವು ಈಗಲೇ ನೋಡತೊಡಗಬಹುದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೂ ಮ್ಯೂನಿಕ್‌ಗೂ ಲುಫ್ತಾನ್ಸಾದ ನೇರ ವಿಮಾನಗಳಿವೆ. ಲುಫ್ತಾನ್ಸಾ, ಏರ್ ಇಂಡಿಯಾ, ಸಿಂಗಪುರ ಏರ್‌ಲೈನ್ಸ್ ಮೂರೂ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಕೂಟದ ಸದಸ್ಯರಾಗಿರುವುದರಿಂದ ಒಂದರ ಮೈಲುಗಳಿಂದ ಇನ್ನೊಂದರ ಸೀಟು ಕೇಳಲು ಅವಕಾಶವಿದೆ. 'ಮೈಲುಗಳಿಂದ ಉಚಿತ ಟಿಕೆಟ್' ಎಂಬ ಮಾತನ್ನು ಮಾತ್ರ ನಂಬಬೇಡಿ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ, ಕೆಲವು ಸಂಸ್ಥೆಗಳಲ್ಲಿ ಇಂಧನದ ಹೆಚ್ಚುವರಿ ಶುಲ್ಕ ಇವೆಲ್ಲವನ್ನೂ ಹಣದಲ್ಲೇ ಕಟ್ಟಬೇಕು. ಹಾಗೆಯೇ ಮೈಲುಗಳನ್ನು ವರ್ಷಗಟ್ಟಲೆ ಕೂಡಿಡುವುದೂ ಒಳ್ಳೆಯದಲ್ಲ. ಸಿಂಗಪುರ ಏರ್‌ಲೈನ್ಸಿನ ಮೈಲುಗಳಿಗೆ 36 ತಿಂಗಳ ಆಯುಷ್ಯ. ಯೋಜನೆಗಳ ಹೆಸರು, ನಿಯಮ ಎಲ್ಲವೂ ಬದಲಾಗುತ್ತಿರುತ್ತವೆ: ವಿಸ್ತಾರ ವಿಮಾನ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರ ಪಾಯಿಂಟುಗಳೂ ಏರ್ ಇಂಡಿಯಾದ ಯೋಜನೆಗೆ ಸೇರಿಹೋದವು.

ಹನುಮಂತನಗರದಿಂದ:

ಪಾಯಿಂಟು ಹೆಚ್ಚಿಸಿಕೊಳ್ಳಲು ಮನೆ ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅನೇಕ ಬ್ಯಾಂಕುಗಳು ಬಾಡಿಗೆಗೆ ಪಾಯಿಂಟು ಕೊಡುವುದನ್ನು ನಿಲ್ಲಿಸಿ ಶೇ. 1ರ ಶುಲ್ಕ ಹಾಕತೊಡಗಿದವು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮಗಳನ್ನು ಬಿಗಿ ಮಾಡಿದ ಮೇಲೆ ಹಲವು ಆಪ್‌ಗಳು ಆ ಸೌಲಭ್ಯವನ್ನೇ ಕೈಬಿಟ್ಟವು. ಪೆಟ್ರೋಲಿಗೂ ಸಾಮಾನ್ಯವಾಗಿ ಪಾಯಿಂಟು ಇಲ್ಲ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡರೆ ದರ್ಶಿನಿಯ ಕಾಫಿಗೂ ಒಂದಿಷ್ಟು ಪಾಯಿಂಟು ಬರುತ್ತದೆ, ಅಷ್ಟೆ.

ಮಲ್ಲೇಶ್ವರದಿಂದ:

ಬಸವನಗುಡಿಯವರು ಹೇಳಿದ 50 ಪೈಸೆಯ ಲೆಕ್ಕ ಸರಿಯೇ, ಆದರೆ ಬ್ಯಾಂಕಿನ ತಾಣದಲ್ಲಿ ಟಿಕೆಟಿನ ಬೆಲೆಯೇ ಹೆಚ್ಚಿರಬಹುದು. ಅದೇ ವಿಮಾನ, ಅದೇ ದಿನ, ಅದೇ ಲಗೇಜಿನ ಮಿತಿ ಇಟ್ಟುಕೊಂಡು ವಿಮಾನ ಸಂಸ್ಥೆಯ ತಾಣದ ಬೆಲೆಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಉಳಿತಾಯದಿಂದ ಕಳೆದು ನೋಡಬೇಕು.

ಜರ್ಮನಿಗೆ ಹೋದಾಗ ಇದೇ ಕಾರ್ಡನ್ನು ಉಜ್ಜುವ ಮೊದಲು ವಿದೇಶಿ ವಿನಿಮಯ ಶುಲ್ಕ ಎಷ್ಟೆಂದು ವಿಚಾರಿಸಿ. ಶೇ. 3.5 ಇದ್ದರೆ ಜಿಎಸ್‌ಟಿ ಸೇರಿ ಶೇ. 4.13 ಆಗುತ್ತದೆ, ಒಂದು ಲಕ್ಷ ರೂಪಾಯಿಯ ಖರ್ಚಿಗೆ 4,130 ರೂಪಾಯಿ ಕೈಬಿಟ್ಟು, 1,333 ರೂಪಾಯಿಯ ಪಾಯಿಂಟು ಪಡೆದಂತಾಗುತ್ತದೆ. ಅಲ್ಲಿನ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಕೇಳಿದರೆ ಒಪ್ಪದೆ ಯೂರೋದಲ್ಲೇ ಕೊಡಿ, ಅವರ ವಿನಿಮಯ ದರ ಸಾಮಾನ್ಯವಾಗಿ ದುಬಾರಿಯಾಗಿರುತ್ತದೆ.

ರಾಜಾಜಿನಗರದಿಂದ ಮರುಉತ್ತರ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಹೋಲಿಸಿದೆ. ವಾರಾಣಸಿಗೆ ಹೋಗಿಬರುವ ಇಬ್ಬರ ಟಿಕೆಟಿಗೆ ಬ್ಯಾಂಕಿನ ತಾಣದಲ್ಲಿ 26,000 ರೂಪಾಯಿ, ವಿಮಾನ ಸಂಸ್ಥೆಯ ತಾಣದಲ್ಲಿ 24,600 ರೂಪಾಯಿ ಇತ್ತು. ನನ್ನ ಕಾರ್ಡಿನಲ್ಲಿಯೂ ಶೇ. 70ರ ಮಿತಿಯೇ ಇದೆ. 36,400 ಪಾಯಿಂಟುಗಳಿಗೆ 18,200 ರೂಪಾಯಿ ಇಳಿದು 7,800 ರೂಪಾಯಿ ಕಟ್ಟಿದೆ. ಬೆಲೆಯ ವ್ಯತ್ಯಾಸ 1,400 ರೂಪಾಯಿಯನ್ನು ಕಳೆದರೆ ನಿಜವಾದ ಉಳಿತಾಯ 16,800 ರೂಪಾಯಿ. ಜರ್ಮನಿಗೆ ಈ ಕಾರ್ಡಿನಲ್ಲಿ ಹೆಚ್ಚೇನೂ ಉಳಿದಿಲ್ಲ, ಅದನ್ನು ಆಗ ನೋಡಿಕೊಳ್ಳೋಣ. ಉಳಿದಿಬ್ಬರ ಟಿಕೆಟುಗಳನ್ನು ವಿಮಾನ ಸಂಸ್ಥೆಯಿಂದಲೇ ನೇರವಾಗಿ ಕೊಂಡೆ. ಹೀಗೆ ಎರಡು ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಆದದ್ದರಿಂದ ಅತ್ತೆಯವರನ್ನು ನನ್ನ ಜೊತೆಗೂ ಮಾವನವರನ್ನು ಯಜಮಾನರ ಜೊತೆಗೂ ಹಾಕಿದ್ದೇನೆ. ಒಂದು ಟಿಕೆಟಿನ ವಿಮಾನ ಬದಲಾದರೂ ಹಿರಿಯರಿಬ್ಬರೇ ನಿಲ್ದಾಣದಲ್ಲಿ ಉಳಿಯುವಂತಾಗಬಾರದು.